ಹಲ್ಲಚ್ಚಿನ ತಳದ ವಿಳಾಸ

ಹೆಂಡತಿ ಕಾಫಿ ಕಪ್ಪಿನ ಅಂಚಿಗೆ ಚಮಚವನ್ನು ಟಣ್ ಟಣ್ ಟಣ್ ಎಂದು ಮೂರು ಸಲ ಬಡಿದು ಪಕ್ಕಕ್ಕಿಟ್ಟ ಹೊತ್ತಿಗೆ ಸರಿಯಾಗಿ ಅವನು ಆ ಮೇಲ್‌ನ ನಾಲ್ಕನೇ ಸಾಲಿಗೆ ಬಂದಿದ್ದ. 'ನಿಮ್ಮ ಸಾರ್ವಜನಿಕ ಫೀಡಿಗೆ ಸದ್ಯ ಮೂವರು ಓದುಗರಿದ್ದಾರೆ. ಅಭಿನಂದನೆಗಳು.' ಬೇರೆ ಯಾರಿಗೋ ಹೋಗಬೇಕಾದದ್ದು ತಪ್ಪಿ ತನಗೆ ಬಂದಿದೆ ಎಂದುಕೊಂಡು ಮೇಲಿಂದ ಮತ್ತೊಮ್ಮೆ ಓದಿದ. ಅವನದೇ ಹೆಸರು, ಅವನದೇ ಖಾತೆ. ಆದರೆ ಸಾರ್ವಜನಿಕ ಎನ್ನುವಂಥದ್ದು ಅವನಿಗೆ ಈ ಜಗತ್ತಿನಲ್ಲಿ ಏನೂ ಇರಲಿಲ್ಲ. ಮನೆಯ ಬಾಗಿಲಿಗೆ ಹೆಸರಿನ ಫಲಕವನ್ನೂ ಹಾಕಿಸಿರಲಿಲ್ಲ. ಫೋನಿನ ಎರಡೂ ಕ್ಯಾಮೆರಾಗಳಿಗೆ ಗಾಯದ ಪಟ್ಟಿ ಅಂಟಿಸಿದ್ದ. ನೋಡಿದವರು ಫೋನಿಗೇ ಎಲ್ಲೋ ಏಟಾಗಿದೆ ಎಂದು ಮರುಗುತ್ತಿದ್ದರು. ನೆಂಟರೆಲ್ಲ ಸೇರಿಕೊಂಡಿರುವ ಫೋನಿನ ಗುಂಪಿಗೆ ಅವನು ಸೇರಿರಲಿಲ್ಲವಾದ್ದರಿಂದ ಯಾರು ಹುಟ್ಟಿದರು, ಯಾರು ಹೋದರು, ಯಾರ ಮನೆಯಲ್ಲಿ ಯಾರು ಮುನಿಸಿಕೊಂಡಿದ್ದಾರೆ ಎಂಬುದನ್ನೆಲ್ಲ ಹೆಂಡತಿ ಬೆಳಗಿನ ವಾರ್ತೆಯ ಹಾಗೆ ಊಟದ ಮೇಜಿನ ಮೇಲೆ ಓದಿ ಹೇಳಬೇಕಾಗುತ್ತಿತ್ತು. ಬಹಳ ಹಿಂದೆ ಒಮ್ಮೆ, ದೊಡ್ಡ ಕಂಪನಿಯೊಂದರ ಖಾತೆಯನ್ನು ಮುಚ್ಚಲು ಹೋದಾಗ, ನೀವು ನೀವೇ ಎಂದು ಸಾಬೀತು ಮಾಡಲು ಮುಖದ ಫೋಟೋ ಕಳಿಸಿ ಎಂದು ಅವರು ಕೇಳಿದ್ದರು. ಮುಖ ಕೊಡಬಾರದೆಂದೇ ಖಾತೆ ಮುಚ್ಚಲು ಹೊರಟವನು ಮುಖ ಕೊಟ್ಟಾನೆಯೇ? ತನ್ನ ಹಲ್ಲಿನ ಪ್ಲಾಸ್ಟರ್ ಅಚ್ಚಿನ ಫೋಟೋ ತೆಗೆದು ಕಳಿಸಿದ. ಸುಟ್ಟು ಕರಕಲಾದ ಹೆಣವನ್ನೂ ಹಲ್ಲಿನಿಂದಲೇ ಗುರುತು ಹಿಡಿಯುತ್ತಾರೆ, ಇದಕ್ಕಿಂತ ಖಚಿತವಾದದ್ದು ನನ್ನ ಬಳಿ ಬೇರೆ ಇಲ್ಲ ಎಂದು ಕೆಳಗೆ ಬರೆದ. ಮುಖ ಸರಿಯಾಗಿ ಕಾಣುತ್ತಿಲ್ಲ, ಬೆಳಕಿರುವ ಕಡೆ ನಿಂತು ಮತ್ತೊಮ್ಮೆ ತೆಗೆಯಿರಿ ಎಂದು ಯಂತ್ರ ಉತ್ತರಿಸಿತು. ಆ ಖಾತೆ ಇವತ್ತಿಗೂ ಮುಚ್ಚಿಲ್ಲ. ವರ್ಷಕ್ಕೊಮ್ಮೆ, ಅವನು ಹುಟ್ಟಿದ ದಿನ, ಅವನ ಗೆಳೆಯರೆಲ್ಲರಿಗೂ ಶುಭ ಕೋರಲು ಅದು ತಪ್ಪದೆ ನೆನಪು ಮಾಡುತ್ತದೆ.

"ಏನ್ರೀ, ಕಾಫಿ ಆರ್ತಾ ಇದೆ," ಎಂದಳು ಹೆಂಡತಿ. ಅವನು ಫೋನನ್ನು ಮಗುಚಿಟ್ಟ. ಮಗುಚಿಟ್ಟ ಮೇಲೆ, ತಾನು ಹಾಗೆ ಮಗುಚಿಟ್ಟದ್ದನ್ನು ಅವಳು ನೋಡಿದಳೇ ಎಂದು ನೋಡಿದ. ಅವಳು ಬ್ರೆಡ್ಡಿನ ಸುಟ್ಟ ಅಂಚನ್ನು ಚಾಕುವಿನಿಂದ ಕೆರೆಯುತ್ತಿದ್ದಳು.

ಬಸ್ಸಿನಲ್ಲಿ ನಿಂತಾಗ ನೆನಪಾಯಿತು. ಮೊದಲು ನೆನಪಾದದ್ದು ಪೆನ್ಸಿಲ್ಲು. ಅವನು ಕೆಲಸ ಮಾಡುವುದು ಹಲ್ಲಿನ ಸೆಟ್ ತಯಾರಿಸುವ ಲ್ಯಾಬಿನಲ್ಲಿ. ವೈದ್ಯರು ಕಳಿಸಿದ ಅಳತೆಗೆ ಪ್ಲಾಸ್ಟರ್ ಹುಯ್ದು ಅಚ್ಚು ತೆಗೆಯುವುದು, ಅಚ್ಚಿನ ತಳಕ್ಕೆ ಪೆನ್ಸಿಲ್ಲಿನಲ್ಲಿ ಕೇಸ್ ನಂಬರು ಬರೆಯುವುದು, ಆಮೇಲೆ ಮೇಣದಲ್ಲಿ ಒಸಡು ಕಟ್ಟಿ ಒಂದೊಂದೇ ಹಲ್ಲು ಕೂರಿಸುವುದು. ಅಚ್ಚುಗಳಿಗೆ ಹೆಸರಿಲ್ಲ, ಬರೀ ನಂಬರು. ಮುನ್ನೂರ ಹನ್ನೆರಡನೇ ನಂಬರಿನವರು ಬೀದಿಯಲ್ಲಿ ಎದುರಾಗಿ ನಕ್ಕರೂ ಇವನಿಗೆ ಅದು ಯಾರೆಂದು ತಿಳಿಯುವುದಿಲ್ಲ, ತಿಳಿಯಬಾರದು. ಜಗತ್ತೆಲ್ಲ ಹೀಗಿರಬೇಕಿತ್ತು ಎಂಬುದು ಅವನ ವಾದ. ಇಂಟರ್ನೆಟ್ಟಿನಲ್ಲಿ ಇನ್ನೂ ಹಾಗೆ ಉಳಿದಿರುವುದು ಫೀಡ್ ಒಂದೇ ಎಂದು ಅವನು ಸಿಕ್ಕವರನ್ನು ಹಿಡಿದು ನಿಲ್ಲಿಸಿಕೊಂಡು ಹೇಳುತ್ತಿದ್ದ. ಬರೆಯುವವನು ತಾನು ಹೊಸದಾಗಿ ಬರೆದದ್ದನ್ನು ಹೊರಗೆ ಜಗಲಿಯ ಮೇಲೆ ಇಟ್ಟುಬಿಡುತ್ತಾನೆ. ಬೇಕಾದವನು ಬಂದು ಓದಿಕೊಂಡು ಹೋಗುತ್ತಾನೆ. ಯಾರು ಬಂದರು ಎಂದು ಅವನು ಕೇಳುವುದಿಲ್ಲ, ಬಂದವನ ಹಿಂದೆ ಮನೆತನಕ ಯಾರನ್ನೂ ಛೂ ಬಿಡುವುದಿಲ್ಲ. ಇಂಥ ಫೀಡುಗಳನ್ನೆಲ್ಲ ಒಂದೇ ಕಡೆ ತಂದು ಓದಿಸುವ, ದೊಡ್ಡ ಕಂಪನಿಯವರ ಫೀಡ್ ರೀಡರ್ ಒಂದಿತ್ತು. ಅದರಿಂದ ಏನೂ ಹುಟ್ಟುವುದಿಲ್ಲವೆಂದು ಅವರು ಒಂದು ದಿನ ಬಾಗಿಲು ಹಾಕಿಕೊಂಡಾಗ ಅವನು ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲ. ಆಮೇಲೆ ಯಾರೋ ಒಬ್ಬನೇ ಮನುಷ್ಯ ನಡೆಸುವ ಪುಟ್ಟ ರೀಡರ್ ಸಿಕ್ಕಿತು. ಇನ್ನೂರ ಹದಿನಾಲ್ಕು ಫೀಡುಗಳು. ಇಷ್ಟವಾದ ಬರಹಕ್ಕೆ ನಕ್ಷತ್ರ ಒತ್ತಬಹುದು. ನಕ್ಷತ್ರದ ಕೆಳಗೆ ತನಗೆ ತೋಚಿದ್ದನ್ನು ಒಂದು ಸಾಲು ಟಿಪ್ಪಣಿ ಬರೆದುಕೊಳ್ಳಬಹುದು. ಹನ್ನೊಂದು ವರ್ಷದಿಂದ ಅವನು ಬರೆದುಕೊಳ್ಳುತ್ತ ಬಂದಿದ್ದ. ಬಾಯಲ್ಲಿ ಆಡದ್ದನ್ನೆಲ್ಲ ಅಲ್ಲಿ ಬರೆದಿದ್ದ. ಮನೆಯಲ್ಲಂತೂ ಅವನು ಬಾಯಿಬಿಟ್ಟು ಆಡುತ್ತಿದ್ದದ್ದು ಹೆಚ್ಚೇನೂ ಇರಲಿಲ್ಲ.

ಆ ಮೊದಲ ವರ್ಷ, ಮನೆಯಲ್ಲಿ ನಕ್ಷತ್ರ ಒತ್ತಿದ್ದನ್ನು ಮಧ್ಯಾಹ್ನ ಡಬ್ಬಿ ಬಿಚ್ಚುವ ಹೊತ್ತಿಗೆ ಲ್ಯಾಬಿನ ಕಂಪ್ಯೂಟರಿನಲ್ಲಿ ಓದಬೇಕೆನಿಸಿತ್ತು. ಹತ್ತು ಜನ ಮುಟ್ಟುವ ಕಂಪ್ಯೂಟರಿನಲ್ಲಿ ತನ್ನ ಪಾಸ್‌ವರ್ಡ್ ಹಾಕುವಷ್ಟು ಅವನು ದಡ್ಡನಲ್ಲ. ನಕ್ಷತ್ರಗಳೂ ಟಿಪ್ಪಣಿಗಳೂ ಸೇರಿದ ಒಂದು ಫೀಡ್ ಮಾಡಿಬಿಟ್ಟರೆ ಪಾಸ್‌ವರ್ಡೇ ಬೇಡ, ವಿಳಾಸವಿದ್ದರೆ ಸಾಕು ಎಂದು ಕಂಡುಕೊಂಡು, ಒಂದು ಚೌಕದಲ್ಲಿ ಸರಿ ಗುರುತು ಹಾಕಿದ. ಒಂದು ವಿಳಾಸ ಹುಟ್ಟಿತು, ಅಕ್ಷರ ಅಂಕಿಗಳ ಕಲಸುಮೇಲೋಗರ, ದೇವರು ಬಂದರೂ ಊಹಿಸಲಾರ. ಅದನ್ನು ಮನೆಯಿಂದ ಲ್ಯಾಬಿಗೆ ಒಯ್ಯುವುದು ಹೇಗೆ? ಮೇಲ್ ಮಾಡಿದರೆ ಕಂಪನಿಯವರು ಓದುತ್ತಾರೆ. ಚೀಟಿಯಾದರೆ ಜೇಬಿನಿಂದ ಬೀಳುತ್ತದೆ. ಕೆಲಸ ಕಲಿಯುವ ದಿನಗಳಲ್ಲಿ ತೆಗೆದ ತನ್ನದೇ ಹಲ್ಲಿನ ಅಚ್ಚು ಕಪಾಟಿನಲ್ಲಿತ್ತು. ಇನ್ನೊಬ್ಬರ ಹಲ್ಲನ್ನು ಯಾರೂ ಕೈಯಲ್ಲಿ ಮುಟ್ಟುವುದಿಲ್ಲ. ಅದರ ತಳದಲ್ಲಿ, ಕೇಸ್ ನಂಬರು ಬರೆಯುವ ಜಾಗದಲ್ಲಿ, ಪೆನ್ಸಿಲ್ಲಿನಿಂದ ಒಂದೇ ಸಾಲಿನಲ್ಲಿ ಸಣ್ಣಗೆ ವಿಳಾಸ ಬರೆದು, ಚೀಲದಲ್ಲಿ ಲ್ಯಾಬಿಗೆ ಒಯ್ದು, ಕಂಪ್ಯೂಟರಿಗೆ ಹಾಕಿ, ಸಂಜೆ ವಾಪಸು ತಂದು ಅಡುಗೆಮನೆಯ ಕಿಟಕಿಯ ಕಟ್ಟೆಯ ಮೇಲಿಟ್ಟ. ಅಂದಿನಿಂದ ಅದು ಅಲ್ಲಿಯೇ ಇದೆ, ಮನೆಗೆ ಬಂದ ಕಾಗದಪತ್ರ ಹಾರದಂತೆ ಅವುಗಳ ಮೇಲೆ ಹಲ್ಲು ಕಿರಿದುಕೊಂಡು ಕೂತಿದೆ.

ಕಿಟಕಿಯ ಕಟ್ಟೆಯನ್ನು ಒರೆಸುವವಳು ಹೆಂಡತಿ.

ಬಸ್ಸು ತಿರುವಿನಲ್ಲಿ ವಾಲಿತು. ಅವನು ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಮೂವರಲ್ಲಿ ಒಂದು ಲ್ಯಾಬಿನ ಕಂಪ್ಯೂಟರು, ಅಂದರೆ ತಾನೇ. ಉಳಿದವರು ಇಬ್ಬರು. ಚಮಚದ ಸದ್ದಿನ ಮೇಲೆ ಅವನು ಒಂದು ಟಿಪ್ಪಣಿ ಬರೆದಿದ್ದ. ಕಿವಿಯ ಒಳಗಿನ ಎಲುಬುಗಳ ಬಗ್ಗೆ ಬಂದ ಯಾವುದೋ ಲೇಖನದ ಕೆಳಗೆ, ಮದುವೆಯಾಗಿ ಅಷ್ಟು ವರ್ಷವಾದ ಮೇಲೂ: 'ದಿನಾ ಬೆಳಿಗ್ಗೆ ಅವಳು ಚಮಚ ಬಡಿಯುವಾಗ ತಲೆಬುರುಡೆಗೆ ಮೊಳೆ ಹೊಡೆದ ಹಾಗಾಗುತ್ತದೆ. ಹೇಳುವುದು ಹೇಗೆ?' ಅದಾದ ಎರಡು ದಿನಕ್ಕೆ ಸದ್ದು ನಿಂತಿತ್ತು. ಆಗ ಅವನು, ಜೊತೆಯಲ್ಲಿ ಬಾಳಿದವರು ತಾವಾಗಿಯೇ ಒಬ್ಬರಿಗೊಬ್ಬರು ಹೊಂದಿಕೊಳ್ಳುತ್ತಾರೆ, ಮೇಲಿನ ದವಡೆಗೆ ಕೆಳಗಿನ ದವಡೆ ಹೊಂದುವ ಹಾಗೆ ಎಂದು ಇನ್ನೊಂದು ಟಿಪ್ಪಣಿ ಬರೆದಿದ್ದ, ಸ್ವಲ್ಪ ಜಂಬದಿಂದಲೇ. ಅವಳ ತಮ್ಮ ಎಲ್ಲರನ್ನೂ ಸಮುದ್ರಕ್ಕೆ ಕರೆದೊಯ್ಯಲು ಹೊರಟಾಗ, ನೀರು ಕಂಡರೆ ತನಗೆ ಕಾಲು ನಡುಗುತ್ತದೆಂದು ಶಾರ್ಕಿನ ಲೇಖನದ ಕೆಳಗೆ ಬರೆದಿದ್ದ. ಹೊರಡುವ ಹಿಂದಿನ ದಿನ ಹೆಂಡತಿಗೆ ವಿಪರೀತ ತಲೆನೋವು ಬಂದು ಪ್ರವಾಸ ನಿಂತಿತ್ತು. ಅವಳ ತಮ್ಮ ಅಕ್ಕನಿಗೆ ಬಾಯಿಗೆ ಬಂದಂತೆ ಅಂದಿದ್ದ. ಇವನು ಮಗ್ಗುಲಲ್ಲಿ ಕೂತು ಅವಳ ಹಣೆಗೆ ಮುಲಾಮು ಹಚ್ಚಿದ್ದ, ನೋವೇ ಇಲ್ಲದ ಹಣೆಗೆ, ಅರ್ಧ ಗಂಟೆ. ಅವಳು ಕಣ್ಣು ಮುಚ್ಚಿಕೊಂಡು ಹಚ್ಚಿಸಿಕೊಂಡಿದ್ದಳು. ಈಗ ಬಸ್ಸಿನಲ್ಲಿ ಅವನ ಬೆರಳುಗಳಿಗೆ ಆ ಮುಲಾಮಿನ ತಂಪು ಹತ್ತಿತು. ಹೀಗೆ ಒಂದೊಂದೇ ನೆನಪು ಬರುತ್ತಿದ್ದಂತೆ ಒಂದು ದಿನವನ್ನು ಮಾತ್ರ ಅವನು ಬೇಕೆಂದೇ ದಾಟಿ ದಾಟಿ ಹೋಗುತ್ತಿದ್ದ, ತೂತಾದ ಹಲ್ಲನ್ನು ನಾಲಿಗೆ ದಾಟಿಹೋಗುವ ಹಾಗೆ. ಆದರೆ ನಾಲಿಗೆ ಎಲ್ಲಿ ಬಿಟ್ಟೀತು? ಮೂರು ವರ್ಷದ ಹಿಂದೆ, ಅತ್ತೆಯ ಕೊನೆಯ ದಿನ, ಆಸ್ಪತ್ರೆಯ ಓಣಿಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಫೋನಿನಲ್ಲಿ, ಸತ್ತ ಮರಿಯ ಸುತ್ತ ಆನೆಗಳು ನಿಂತುಕೊಳ್ಳುವ ಬಗ್ಗೆ ಓದುತ್ತಿದ್ದವನು ನಕ್ಷತ್ರ ಒತ್ತಿ ಬರೆದಿದ್ದ: 'ಒಳಗೆ ಅವಳು ಅಳುತ್ತಿದ್ದಾಳೆ. ನನಗೆ ಬರೀ ಹಸಿವು.' ಅರ್ಧ ಗಂಟೆಯ ನಂತರ ಹೆಂಡತಿ ಕೆಂಪು ಕಣ್ಣಿನಲ್ಲಿ ಹೊರಗಿನಿಂದ ಬಂದು ಒಂದು ಊಟದ ಪೊಟ್ಟಣವನ್ನು ಅವನ ತೊಡೆಯ ಮೇಲಿಟ್ಟಳು. ಮೊದಲು ಅಳಿಯಂದಿರಿಗೆ ಏನಾದರೂ ತಿನ್ನಲು ಕೊಡು ಎಂದು ಅಮ್ಮ ಹೇಳಿದಳು ಎಂದಳು. ಅವನು ತಿಂದ, ಅವಳು ಪಕ್ಕದ ಕುರ್ಚಿಯಲ್ಲಿ ಕೂತು ನೀರಿನ ಬಾಟಲಿ ಹಿಡಿದಿದ್ದಳು. ನರ್ಸು ಬಂದು ಕರೆಯುವ ಹೊತ್ತಿಗೆ ಮುಕ್ಕಾಲು ಮುಗಿದಿತ್ತು. ಆಮೇಲೆ ಸಾವಿನ ಮನೆಗೆ ಮಾತಾಡಿಸಲು ಬಂದವರಿಗೆ, ಬಂಧುಗಳಿಗೆ, ಲ್ಯಾಬಿನವರಿಗೆ, ಒಮ್ಮೆ ಬಸ್ಸಿನಲ್ಲಿ ಪಕ್ಕ ಕೂತವನಿಗೂ ಅವನು ಹೇಳಿದ್ದ: ನಮ್ಮ ಅತ್ತೆಯ ಕೊನೆಯ ಮಾತು, ಅಳಿಯನ ಊಟ ಆಯಿತೇ ಎಂದು. ಹೇಳುವಾಗ ಪ್ರತಿ ಸಲವೂ ಗಂಟಲು ಕಟ್ಟುತ್ತಿತ್ತು. ಅಂದರೆ ಅತ್ತೆ ಏನೂ ಹೇಳಿರಲಿಲ್ಲ. ಹೆಂಡತಿ ಓದಿದ್ದಳು. ಓದಿ, ಅಳು ನಿಲ್ಲಿಸಿ, ಪೊಟ್ಟಣ ತಂದು, ಅವನಿಗೆ ನಾಚಿಕೆಯಾಗದಿರಲೆಂದು ಆ ಮಾತನ್ನು ತಾಯಿ ಆಡಿದ್ದೆಂದು ಹೇಳಿದ್ದಳು. ಇಳಿಯಬೇಕಾದ ನಿಲ್ದಾಣ ಹಿಂದೆ ಹೋಯಿತು.

ಲ್ಯಾಬಿನಲ್ಲಿ ಹಲ್ಲಿಗೆ ಬಣ್ಣ ಹೊಂದಿಸುವ ಹೆಂಗಸನ್ನು ಎಲ್ಲರೂ ಬಣ್ಣದಕ್ಕ ಎನ್ನುತ್ತಾರೆ. ಬಿಳಿಯಲ್ಲಿ ಹದಿನಾರು ಬಗೆ ಗುರುತಿಸುವವಳು ಅವನ ಮುಖ ನೋಡಿದ ಕೂಡಲೇ, ಇವತ್ತು ನಿಮ್ಮದು ಹದಿನೇಳನೆಯದು ಎಂದಳು. ಕಂಪ್ಯೂಟರಿನ ಮೂಲೆಯಲ್ಲಿರುವ ನನ್ನ ನಕ್ಷತ್ರಗಳ ಪಟ್ಟಿಯನ್ನು ಯಾವಾಗಲಾದರೂ ತೆರೆದಿದ್ದೀರಾ ಎಂದು ಅವನು ಸುತ್ತಿ ಬಳಸಿ ಕೇಳಿದ. ಅವಳು ಕುಂಚವನ್ನು ತುಟಿಯಲ್ಲಿ ಕಚ್ಚಿಕೊಂಡೇ ನಕ್ಕಳು.

"ಅಯ್ಯೋ ಮೇಷ್ಟ್ರೇ, ನೀವು ಬಾಯಲ್ಲಿ ಹೇಳೋದನ್ನೇ ಕೇಳಿ ಮುಗಿಸೋಕೆ ಆಗ್ತಿಲ್ಲ, ಬರೆದಿದ್ದನ್ನ ಬೇರೆ ಓದ್ಲಾ? ನಿಮ್ಮತ್ತೆ ಕಡೇ ಮಾತಂತೂ ನಂಗೆ ಬಾಯಿಪಾಠ ಆಗಿದೆ."

ಅವಳಲ್ಲ. ಅವನು ಪುಟ್ಟ ರೀಡರ್ ನಡೆಸುವವನಿಗೆ ಮೇಲ್ ಬರೆದ: ಆ ಮೂವರು ಯಾರು, ದಯವಿಟ್ಟು ತಿಳಿಸಿ, ತುರ್ತು. ಹತ್ತು ನಿಮಿಷದಲ್ಲಿ ಉತ್ತರ ಬಂತು. ಎಣಿಕೆ ಮಾತ್ರ ಗೊತ್ತಾಗುತ್ತದೆ, ಯಾರೆಂದು ನನಗೂ ತಿಳಿಯದಂತೆಯೇ ಇದನ್ನು ಕಟ್ಟಿದ್ದೇನೆ. ಅದಕ್ಕಾಗಿ ಹನ್ನೊಂದು ವರ್ಷದ ಹಿಂದೆ ನೀವು ಬರೆದ ಮೆಚ್ಚುಗೆಯ ಪತ್ರವನ್ನು ಇನ್ನೂ ಗೋಡೆಗೆ ತೂಗುಹಾಕಿಕೊಂಡಿದ್ದೇನೆ. ಅವನು ಅದನ್ನು ಎರಡು ಸಲ ಓದಿದ. ತನ್ನ ವಾದ ತನಗೇ ತಿರುಗಿ ಬಡಿಯುವುದೆಂದರೆ ಹೀಗೆ ಎಂದು ಟಿಪ್ಪಣಿ ಬರೆಯಲು ಕೈ ತಾನಾಗಿ ಫೋನಿನ ಕಡೆಗೆ ಹೋಯಿತು, ಅರ್ಧದಲ್ಲಿ ನಿಂತಿತು. ನಿಂತ ಕೈ ಆಮೇಲೆ ಮಾಡಿದ್ದನ್ನು ನೆನೆದರೆ ಅವನಿಗೆ ಇವತ್ತಿಗೂ ಮೈ ಮುಳ್ಳೇಳುತ್ತದೆ. ಕುರ್ಚಿ ಮಾಡುವ ಬಡಗಿಯೊಬ್ಬನ ಲೇಖನ ಹುಡುಕಿ ನಕ್ಷತ್ರ ಒತ್ತಿ, ಕೆಳಗೆ ಹಸಿ ಸುಳ್ಳು ಬರೆದ: 'ನಮ್ಮ ಅಡುಗೆಮನೆಯ ಕಿಟಕಿಯ ಹತ್ತಿರದ ಕುರ್ಚಿ ಅಲ್ಲಿರುವುದನ್ನು ನನ್ನಿಂದ ನೋಡಲಾಗುವುದಿಲ್ಲ.' ಜನರಿಗೆ ಕಾಣದಂತೆ ಗಾಳ ಹಾಕಿ, ಯಾವುದಕ್ಕೆ ಯಾರು ಅಲುಗುತ್ತಾರೆಂದು ದೂರದಲ್ಲಿ ಕೂತು ನೋಡುವುದನ್ನೇ ಅವನು ಇಷ್ಟು ವರ್ಷ ಬೈದಿದ್ದು. ಮಧ್ಯಾಹ್ನವೆಲ್ಲ ನಾನೂರ ಆರನೇ ದವಡೆಗೆ ಹಲ್ಲು ಕೂರಿಸುತ್ತ ಗಡಿಯಾರ ನೋಡಿದ. ಎರಡು ಬಾಚಿಹಲ್ಲನ್ನು ಎಡ ಬಲ ಮಾಡಿ ಕೂರಿಸಿದ್ದನ್ನು ಬಣ್ಣದಕ್ಕ ತೋರಿಸಿಕೊಟ್ಟಳು. ಇಪ್ಪತ್ತೆರಡು ವರ್ಷದಲ್ಲಿ ಅದೇ ಮೊದಲು.

ಸಂಜೆ ಬಾಗಿಲು ತೆರೆದರೆ ಅಡುಗೆಮನೆಯ ಕಿಟಕಿಯ ಹತ್ತಿರ ಕುರ್ಚಿ ಇರಲಿಲ್ಲ. ನಡುಮನೆಯ ಮಧ್ಯದಲ್ಲಿತ್ತು. ಹೆಂಡತಿ ಸ್ನಾನದ ಮನೆಯಲ್ಲಿದ್ದಳು, ನೀರಿನ ಸದ್ದು ಕೇಳುತ್ತಿತ್ತು. ಅವನು ಚಪ್ಪಲಿ ಬಿಡಲಿಲ್ಲ. ನೆಟ್ಟಗೆ ಅಡುಗೆಮನೆಗೆ ಹೋಗಿ ಹಲ್ಲಚ್ಚನ್ನು ಎತ್ತಿದ. ಹನ್ನೊಂದು ವರ್ಷದಲ್ಲಿ ಅವನು ಅದನ್ನು ಎತ್ತಿದ್ದು ಅದೇ ಮೊದಲ ಸಲ. ತಳದಲ್ಲಿ ಪೆನ್ಸಿಲ್ಲಿನ ಎರಡು ಸಾಲು, ಬೆರಳು ತಾಗಿ ತಾಗಿ ಮಸುಕಾಗಿದ್ದವು. ಚೀಲದಿಂದ ಪ್ಲಾಸ್ಟರ್ ಚಾಕು ತೆಗೆದು, ಒದ್ದೆಯಾದ ಅಚ್ಚಿನಿಂದ ತಪ್ಪು ನಂಬರನ್ನು ಹೆರೆದು ತೆಗೆಯುವ ಹಾಗೆ, ಕೈಗೆ ರೂಢಿಯಾದ ನಾಲ್ಕು ಏಟಿನಲ್ಲಿ, ಓದದೆ, ತಳವನ್ನೆಲ್ಲ ಹೆರೆದುಬಿಟ್ಟ. ಮೇಜಿನ ಮೇಲೆ ಬಿಳಿ ಪುಡಿ ಬಿತ್ತು. ಅಪರಾಧವನ್ನು ಅಳಿಸಿದೆನೋ ಸಾಕ್ಷಿಯನ್ನು ಅಳಿಸಿದೆನೋ ಅವನಿಗೇ ತಿಳಿಯಲಿಲ್ಲ. ತಲೆಗೂದಲು ಒರೆಸಿಕೊಳ್ಳುತ್ತ ಬಂದ ಹೆಂಡತಿ ಮೊದಲು ಚಪ್ಪಲಿ ನೋಡಿದಳು, ಆಮೇಲೆ ಚಾಕು, ಆಮೇಲೆ ಪುಡಿ.

"ಎಷ್ಟು ವರ್ಷದಿಂದ ಓದ್ತಿದ್ದೀಯ?" ಎಂದ.

ಏನನ್ನು ಎಂದು ಅವಳು ಕೇಳಲಿಲ್ಲ. "ಓದ್ತಿಲ್ಲ," ಎಂದಳು. "ಓದ್ತಿದ್ದೆ. ಬಿಟ್ಟು ಮೂರು ವರ್ಷ ಆಯ್ತು."

"ಮತ್ತೆ ಕುರ್ಚಿ?"

"ಕುರ್ಚಿಗೇನಾಯ್ತು? ನಡುಮನೆ ಬಲ್ಬು ಹೋಗಿತ್ತು, ಹತ್ತೋಕೆ ತಗೊಂಡೆ."

ಅವನು ತಿರುಗಿ ನಡುಮನೆಯ ಸೂರು ನೋಡಿದ. ಹೊಸ ಬಲ್ಬು ಉರಿಯುತ್ತಿತ್ತು. ಆಗ ಅವನಿಗೆ ಚಮಚದ ಸದ್ದಿನ ಲೆಕ್ಕ ಸಿಕ್ಕಿತು: ನಿಂತಿದ್ದು ಯಾವಾಗ ಎಂದು ಬೆಳಗಿನಿಂದ ಯೋಚಿಸಿದ್ದನೇ ಹೊರತು, ಮತ್ತೆ ಶುರುವಾದದ್ದು ಯಾವಾಗ ಎಂದು ಯೋಚಿಸಿರಲಿಲ್ಲ. ಮೂರು ವರ್ಷದ ಹಿಂದೆ ಅದು ಮತ್ತೆ ಕೇಳಿದಾಗ, ವಯಸ್ಸಾಯಿತು, ಅವಳಿಗೆ ಮರೆವು ಎಂದುಕೊಂಡಿದ್ದ. ಅವಳು ಕಾಫಿಗೆ ನೀರಿಟ್ಟು, ಒಲೆಯ ಕಡೆಗೇ ಮುಖ ಮಾಡಿಕೊಂಡು ಹೇಳಿದಳು, ಊರಿನ ಸುದ್ದಿ ಹೇಳುವ ಅದೇ ದನಿಯಲ್ಲಿ. ಮೊದಲ ವರ್ಷವೇ ಕಟ್ಟೆ ಒರೆಸುವಾಗ ಕಂಡಿತ್ತಂತೆ. ನೀವು ಮಾತಾಡುವುದು ಅಲ್ಲಿ ಎಂದು ಗೊತ್ತಾದ ಮೇಲೆ ಮನೆ ನಡೆಸುವುದು ಸಲೀಸಾಯಿತಂತೆ. ಬೈದುಕೊಂಡದ್ದೂ ಇತ್ತು, ನಗು ಬಂದದ್ದೂ ಇತ್ತು. ಅವನು ಬೆಳಗಿನ ಮೇಲ್‌ನಲ್ಲಿ ಮೂವರು ಎಂದಿತ್ತು ಎಂದಷ್ಟೇ ಹೇಳಿದ.

ಅವಳು ಬೆರಳು ಮಡಿಸಿದಳು. "ನಿಮ್ಮ ಲ್ಯಾಬಿಂದೊಂದು. ನಂದೊಂದು, ತೆಗೆದಿಲ್ಲ, ಹಾಗೇ ಬಿದ್ದಿದೆ. ಇನ್ನೊಂದು ಅಮ್ಮಂದು."

"ಯಾರ ಅಮ್ಮಂದು?"

"ನಮ್ಮಮ್ಮಂದು ರೀ. ನಿನ್ನ ಗಂಡ ಮಾತೇ ಆಡಲ್ವಲ್ಲೇ, ಹೇಗೆ ಬಾಳ್ತೀಯೇ ಅಂತ ದಿನಾ ಕೊರಗೋಳು. ಆಡ್ತಾರಮ್ಮ, ಇಲ್ಲಿ ನೋಡು ಅಂತ ಅವಳ ಟ್ಯಾಬಿಗೂ ಹಾಕ್ಕೊಟ್ಟಿದ್ದೆ. ಅವಳು ಹೋದ್ಮೇಲೆ ಅವಳ ಖಾತೆ ಯಾರು ಮುಚ್ಚಬೇಕು? ಹಾಗೇ ಎಣಿಸ್ತಾ ಇದ್ದಾರೆ."

ಅವನು ಕುರ್ಚಿಗಾಗಿ ಹಿಂದೆ ಕೈಚಾಚಿದ. ಕುರ್ಚಿ ಅಲ್ಲಿರಲಿಲ್ಲ, ನಡುಮನೆಯಲ್ಲಿತ್ತು. ಕಟ್ಟೆಗೆ ಒರಗಿಕೊಂಡ. ಅವಳು ಮುಂದುವರಿಸಿದಳು. ಆಸ್ಪತ್ರೆಯಲ್ಲಿ ಆ ದಿನ ಅಮ್ಮನ ಹಾಸಿಗೆಯ ಮೇಲೆ ಟ್ಯಾಬ್ ಇತ್ತು. ಅಮ್ಮ ಓದಿದಳು. ನಾನಿನ್ನೂ ಓದಿರಲಿಲ್ಲ, ಅಳುತ್ತಿದ್ದೆ. ಅಮ್ಮ ಓದಿ, ಒಂದು ಚೂರು ನಕ್ಕಳು.

"ಅವರಿಗೆ ಹಸಿವಂತೆ, ಮೊದಲು ಏನಾದ್ರೂ ತಿನ್ನೋಕೆ ತಂದುಕೊಡು ಹೋಗೇ ಅಂದ್ಲು. ನಾನು ಹೋದೆ. ಕ್ಯಾಂಟೀನಲ್ಲಿ ಉದ್ದ ಸಾಲಿತ್ತು."

ಉಳಿದದ್ದು ಅವನಿಗೂ ಗೊತ್ತಿತ್ತು, ಮೂರು ವರ್ಷದಿಂದ ಗೊತ್ತಿತ್ತು, ಮುಕ್ಕಾಲು ಮುಗಿದ ಪೊಟ್ಟಣ, ನರ್ಸಿನ ಬಿಳಿ ಬೂಟು, ಓಡಿದ ಹೆಂಡತಿ. ಆದರೆ ಆ ಚಿತ್ರದಲ್ಲಿ ಅವನು ಯಾವತ್ತೂ ಕೋಣೆಯ ಒಳಗೆ ನೋಡಿರಲಿಲ್ಲ. ಒಳಗೆ ಯಾರೂ ಇರಲಿಲ್ಲ. ಅತ್ತೆಯ ಕೈ ಹಿಡಿದುಕೊಳ್ಳಲು ಯಾರೂ ಇರಲಿಲ್ಲ, ಮಗಳು ಮೊದಲು ಸಾಲಿನಲ್ಲಿ ನಿಂತಿದ್ದಳು, ಆಮೇಲೆ ಅವನ ಪಕ್ಕದಲ್ಲಿ ಕೂತಿದ್ದಳು. ಕೊನೆಯ ಮಾತು ನಿಜವಾಗಿಯೂ ಕೊನೆಯ ಮಾತೇ ಆಗಿತ್ತು. ಅದನ್ನು ಅವನು ಎಷ್ಟು ಜನರಿಗೆ ಹೇಳಿದ್ದ, ಗಂಟಲು ಕಟ್ಟಿಸಿಕೊಂಡು, ಅವಳ ಎದುರಿನಲ್ಲೇ. ಆಗೆಲ್ಲ ಅವಳು ಎದ್ದು ಬಂದವರಿಗೆ ನೀರು ತರಲು ಹೋಗುತ್ತಿದ್ದಳು. ಅದಕ್ಕೇ ಓದುವುದು ಬಿಟ್ಟೆಯಾ ಎಂದು ಕೇಳಿದ. ಅಷ್ಟೇ ಅಲ್ಲ, ಎಂದಳು. ಒಂದೇ ಕಡೆಯಿಂದ ಓದಿ ಓದಿ ಸಾಕಾಯಿತು. ಹಾಗೆನ್ನುತ್ತ ಹಲ್ಲಚ್ಚನ್ನು ಅವನ ಕೈಯಿಂದ ತೆಗೆದುಕೊಂಡು ಮಗುಚಿ ನೋಡಿದಳು. ತಳ ಹೊಸ ಅಚ್ಚಿನ ಹಾಗೆ ಬೆಳ್ಳಗಿತ್ತು.

"ಎರಡೂ ಅಳಿಸಿಬಿಟ್ರಾ?"

"ಯಾವ ಎರಡು?"

"ಮೇಲಿಂದು ನಿಮ್ಮದು. ಕೆಳಗಿಂದು ನಂದು. ಏಳು ವರ್ಷ ಆಯ್ತು ಬರೆದಿಟ್ಟು. ನಾನೂ ಒಂದು ಫೀಡ್ ಮಾಡ್ಕೊಂಡಿದ್ದೆ, ನಿಮ್ಮ ಹಾಗೇ. ಹಲ್ಲು ನಿಮ್ಮದೇ ಅಲ್ವಾ, ಯಾವತ್ತಾದ್ರೂ ಎತ್ತಿ ನೋಡ್ತೀರ ಅಂದ್ಕೊಂಡಿದ್ದೆ."

ತಾನು ವಿಳಾಸವನ್ನು ಒಂದೇ ಸಾಲಿನಲ್ಲಿ ಬರೆದಿದ್ದುದು ಅವನಿಗೆ ಆಗ ನೆನಪಾಯಿತು. ಬೇರೆಲ್ಲಾದರೂ ಬರೆದಿಟ್ಟಿದ್ದೀಯಾ ಎಂದ. ಇಲ್ಲವಂತೆ, ಅಲ್ಲೇ ಇದೆಯಲ್ಲ ಎಂದು ಬೇರೆಲ್ಲೂ ಬರೆದಿರಲಿಲ್ಲವಂತೆ, ಹಳೆಯ ಫೋನು ಹೋದಾಗ ಪಾಸ್‌ವರ್ಡೂ ಹೋಗಿತ್ತಂತೆ. ಅದನ್ನು ಓದುತ್ತಿದ್ದವಳು ಅಮ್ಮ ಒಬ್ಬಳೇ, ಆ ಟ್ಯಾಬಿನ ಗುಟ್ಟಿನ ಅಂಕಿ ಅಮ್ಮನ ಜೊತೆಗೇ ಹೋಗಿತ್ತಂತೆ. ಅವನು ಮೇಜಿನ ಮೇಲೆ ಬಾಗಿದ. ಪುಡಿಯಲ್ಲಿ ಅಲ್ಲಲ್ಲಿ ಪೆನ್ಸಿಲ್ಲಿನ ಬೂದು ಚುಕ್ಕೆಗಳು ಕಾಣುತ್ತಿದ್ದವು, ಯಾವುದು ಅವನದು ಯಾವುದು ಅವಳದು ಎಂದು ಬಣ್ಣದಕ್ಕನೂ ಹೇಳಲಾರಳು. ಅವನು ಬಾಯಿಬಿಟ್ಟು ಕೇಳಿದ, ಮದುವೆಯಾದಾಗಿನಿಂದ ಅವಳನ್ನು ಹೀಗೆ ಏನನ್ನೂ ಕೇಳಿದ ನೆನಪು ಅವನಿಗಿರಲಿಲ್ಲ.

"ಅದರಲ್ಲಿ ಏನು ಬರೀತಿದ್ದೆ?"

ಅವಳು ಕಾಫಿಯನ್ನು ಎರಡು ಕಪ್ಪಿಗೆ ಸುರಿದು ಚಮಚ ಆಡಿಸಿದಳು.

"ನೀವು ಓದ್ಲಿ ಅಂತ ಬರೆದಿದ್ದು ರೀ. ಹೇಳೋ ಹಾಗಿದ್ದಿದ್ರೆ ಹೇಳೇ ಹೇಳ್ತಿದ್ದೆ."

ಉಸಿರು ಬಿಟ್ಟರೆ ಪುಡಿ ಹಾರೀತೆಂದು ಅವನು ಬಾಯಿ ಮುಚ್ಚಿಕೊಂಡ.